ಸಾಹೇಬರ ರಜೆ

ಮಾಗಿಯ ಚಳಿ ನಮ್ಮೂರಲ್ಲಿ
ಒಂದು ಮಫ್ಲರಿನಷ್ಟು.
ಆರೂಮುಕ್ಕಾಲಿಗೆ ಅದೂ ಬಿಚ್ಚಿ ಹೆಗಲಿಗೆ ಬರುತ್ತದೆ,
ಅದರ ಮೇಲೆ ನರೋನ್ಹಾ ಸಾಹೇಬರ ಗಾಲ್ಫ್ ಚೀಲ.
ಹದಿನಾಲ್ಕು ಕೋಲು, ಒಂದು ಕೊಡೆ,
ಪಕ್ಕದ ಜೇಬಲ್ಲಿ ಅಮ್ಮಾವರು ಕಟ್ಟಿಕೊಡುತ್ತಿದ್ದ ಖರ್ಜೂರದ ಡಬ್ಬಿ.
ಈ ಸಲ ಡಬ್ಬಿ ಇದೆ, ಖರ್ಜೂರ ಇಲ್ಲ.
ನಾನು ಕೇಳಲಿಲ್ಲ.

ಮಂಗಳೂರಿಂದ ವರ್ಷಕ್ಕೊಮ್ಮೆ, ನಾಲ್ಕು ದಿನ.
ಬೆಳಿಗ್ಗೆ ರೇಸ್‌ಕೋರ್ಸಿನ ಹುಲ್ಲು,
ಸಂಜೆ ಪಟ್ಟಣದ ಹೊಳೆ.
ಅವರಿಗೆ ರಜೆ. ನನಗೆ ಅದೇ ಕೆಲಸ.

ಗುಣಿಯ ಹತ್ತಿರ ಬಗ್ಗಿ, ಒಂದು ಕಣ್ಣು ಮುಚ್ಚಿ,
"ಎತ್ತ ಹೊರಳುತ್ತದೆ ಪುಟ್ಟಮಾದು?"
"ಬೆಟ್ಟ ನೋಡಿ ಸಾರ್.
ಚಾಮುಂಡಿಗೆ ಬೆನ್ನು ಕೊಟ್ಟು ಓಡುತ್ತೆ ಚೆಂಡು,
ನೆಲ ಮಟ್ಟಸ ಕಂಡರೂ ನಂಬಬೇಡಿ."
ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ,
ಇಪ್ಪತ್ತೆರಡು ವರ್ಷದಿಂದ ಅವರು
ನೆಲವನ್ನೇ ನಂಬಿ, ತಪ್ಪಿಸಿ, ನಗುತ್ತಾರೆ.

ಹೋದ ವರ್ಷ ಬರಲಿಲ್ಲ.
ಅಮ್ಮಾವರ ಆಸೆ ಅಂತ ಯಾವುದೋ ಸಮುದ್ರದ ನಡುವಿನ
ದ್ವೀಪಕ್ಕೆ ಹೋಗಿದ್ದರಂತೆ, ಇಬ್ಬರೂ.
"ಬಿಸಿಲು ಬೆಣ್ಣೆಯ ಹಾಗೆ ಮಾರಾಯ,
ಚಳಿಯೂ ಇಲ್ಲ, ಬೆವರೂ ಇಲ್ಲ.
ಯಾವ ಗುಣಿಯ ಹತ್ತಿರ ನಿಂತರೂ ಸಮುದ್ರ ಕಾಣುತ್ತದೆ.
ಮಧ್ಯಾಹ್ನ ದೋಣಿಯಲ್ಲಿ ಕೂತರೆ ಆಳುದ್ದದ ಮೀನು."
"ಅಲ್ಲಿ ಚೀಲ ಯಾರು ಹೊರ್ತಾರೆ ಸಾರ್?"
"ಗಾಡಿ. ನಮ್ಮ ಹಿಂದೆ ತಾನೇ ಬರುತ್ತದೆ."
"ಗಾಳಿ ಎತ್ತಲಿಂದ ಅಂತ ಹೇಳುತ್ತಾ?"
ಸಾಹೇಬರು ಏಳನೇ ನಂಬರಿನ ಕೋಲು ಕೇಳಿದರು.
ಆರನೆಯದು ಕೊಟ್ಟೆ.
ಅದೇ ಸರಿಯಾಗಿತ್ತು.

ನಮ್ಮದೂ ದ್ವೀಪವೇ. ಪಟ್ಟಣಕ್ಕೆ ಮುಂಚೆ ಎರಡಾದ ಕಾವೇರಿ
ಕೋಟೆ ಬಳಸಿ, ಗಂಜಾಂ ಬಳಸಿ,
ಸಂಗಮದಲ್ಲಿ ರಾಜಿಯಾಗುತ್ತಾಳೆ.
ನನ್ನ ಮೊಪೆಡ್ಡಿನ ಹಿಂದೆ ಸಾಹೇಬರು
ಗಾಳದ ಕಡ್ಡಿ ನೆಟ್ಟಗೆ ಹಿಡಿದು ಕೂರುತ್ತಾರೆ,
ಯಾವುದೋ ಪಕ್ಷದ ಬಾವುಟದ ಹಾಗೆ,
ಕಬ್ಬಿನ ಲಾರಿಯವರೂ ದಾರಿ ಬಿಡುತ್ತಾರೆ.

ಅವರ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಮೀನು, ಮಿಂಚುವ ಚಮಚೆ,
ಗರಿ ಕಟ್ಟಿದ ಕೊಕ್ಕೆ. ನಮ್ಮ ಗೆಂಡೆಗೆ ಅದರ ಭಾಷೆ ಬಾರದು.
ರಾಗಿಹಿಟ್ಟು ಬೇಯಿಸಿ, ಚೂರು ಸೋಂಪು ಸೇರಿಸಿ ನಾದಿ
ಅಂಗೈಯಲ್ಲಿ ಉರುಳಿಸುತ್ತೇನೆ.
ಕಣ್ಣು ಬೇಡ, ಕೈಗೆ ಗೊತ್ತು,
ಬೆಳಿಗ್ಗೆ ಒರೆಸಿ ಒರೆಸಿ ಕೊಟ್ಟ ಚೆಂಡಿನದೇ ಗಾತ್ರ.
ಇದು ಕಪ್ಪು ಚೆಂಡು.
ನೀರಿಗೆ ಬಿದ್ದರೆ ದಂಡ ಇಲ್ಲ.

ಮೂರನೇ ಸಂಜೆ, ಬಾವಲಿ ಏಳುವ ಹೊತ್ತಿಗೆ
ದಾರ ಬಿಗಿಯಿತು.
ಸಾಹೇಬರ ಕೈ ನಡುಗಿತು,
ಬೆಳಿಗ್ಗೆ ಎರಡಡಿ ದೂರದ ಗುಣಿ ತಪ್ಪಿಸಿದ ಕೈ.
ನಾನು ಮುಟ್ಟಲಿಲ್ಲ. ಮೊಣಕಾಲು ನೀರಲ್ಲಿ ನಿಂತು
"ಬಿಡಿ, ಓಡಲಿ... ಈಗ ಸುತ್ತಿ" ಅಂದೆ, ಅಷ್ಟೇ.
ಬಂತು. ನಾಲ್ಕು ಕೇಜಿಗೆ ಮೋಸವಿಲ್ಲ,
ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಬಣ್ಣ.
ಇಟ್ಟಿಗೆಗೂಡಿನ ಮನೆಯಲ್ಲಿ ಚಿಕ್ಕತಾಯಿ
ಇಷ್ಟೊತ್ತಿಗೆ ಮಸಾಲೆ ಅರೆದು ಮುಗಿಸಿರುತ್ತಾಳೆ.

ಸಾಹೇಬರು ಕೊಕ್ಕೆ ಬಿಡಿಸಿ
ನೀರೊಳಗೇ, ಮೂತಿಯನ್ನು ಹರಿವಿಗೆ ತಿರುಗಿಸಿ,
ಎರಡೂ ಕೈಯಲ್ಲಿ ಹಿಡಿದುಕೊಂಡರು.
ಕಿವಿರು ಒಮ್ಮೆ ತೆರೆಯಿತು.
ತುಂಬ ಹೊತ್ತಾದ ಮೇಲೆ ಇನ್ನೊಮ್ಮೆ.
"ಉಸಿರಾಡು," ಅಂದರು,
"ಉಸಿರಾಡು ಮಾರಾಯ್ತಿ."
ಅಷ್ಟು ಮೆಲ್ಲಗೆ, ಹೇಳಿ ಹೇಳಿ ರೂಢಿಯಾದವರ ಹಾಗೆ.
ಬಾಲ ಒದರಿ ಅದು ಹೋಯಿತು.
ಅವರ ಕೈ ನೀರೊಳಗೇ ಇತ್ತು.

"ಮೀನೆಲ್ಲಿ?"
"ನೋಡಿದ್ವಿ."
"ಹಂಗಾದ್ರೆ ನೋಡಿದ್ದನ್ನೇ ಉಣ್ಣು," ಅಂದಳು ಚಿಕ್ಕತಾಯಿ,
ಅರೆದ ಮಸಾಲೆಗೆ ಹಿತಕಿದ ಅವರೆ ಸುರಿದಳು.
ಚೆನ್ನಾಗೇ ಇತ್ತು, ಹೇಳಲಿಲ್ಲ.

ನಾಳೆ ಕೊನೆಯ ದಿನ. ಚೀಲದಿಂದ ಡಬ್ಬಿ ತಂದಿದ್ದೆ.
ಏನಾದರೂ ಹಾಕಿಕೊಡು ಅಂದೆ.
ಯಾರದು, ಯಾಕೆ ಅನ್ನಲಿಲ್ಲ.
ಒಲೆ ಮತ್ತೆ ಹಚ್ಚಿ
ಕಡಲೆಕಾಯಿ ಬೀಜ ಹುರಿಯಲಿಟ್ಟಳು.