ಮೀನಿದ್ದ ನೀರು

ಮುಚಖಂಡಿ ಕೆರಿ ಒಡ್ಡಿನ ಮ್ಯಾಲ ನಿಂತು
ಕಾಶೀಂಸಾಬರು ಬಲಿ ಬಿಡತಾರ.
ಮೀನಿನ ಬಲಿ ಅಲ್ಲ,
ಮೈದಾ ಸೋಸೋ ಅರಿವಿಗಿಂತ ಸಣ್ಣ ಕಣ್ಣಿನ ಚೀಲ,
ತುದಿಗೊಂದು ಬಾಟಲಿ.
ಬಾಟಲ್ಯಾಗ ನೋಡಿದ್ರ ಏನೂ ಇಲ್ಲ.
ಬಿಸಲಿಗೆ ಹಿಡಿದ್ರ
ಆ ಏನೂ ಇಲ್ಲದ್ದು ಜಿಗಿಯಾಕ ಹತ್ತತೈತಿ.

"ನೀರ ಹೇನು" ಅಂತಾರ ಸಾಬರು,
ಮೂವತ್ತು ವರ್ಷ ಲ್ಯಾಬಿನ ಬೀಗದಕೈ ಸೊಂಟಕ್ಕ ಕಟಕೊಂಡವರು.
ನಾ ಲ್ಯಾಟಿನ್ ಹೆಸರು ಹೇಳತೀನಿ.
"ಇರಲಿ ಬಿಡ್ರಿ ಮೇಡಂ, ಪಾಪ, ಅದಕ್ಕ ಅದು ಗೊತ್ತಿಲ್ಲ."

ಸೂಕ್ಷ್ಮದರ್ಶಕದ ಕೆಳಗ ಗಾಜಿನ ಹೆಂಗಸು.
ಒಂದ ಕಣ್ಣು, ಅದೂ ಸುಮ್ಮನಿರದ ಕಣ್ಣು.
ಉಂಡ ಪಾಚಿಯ ಹಸಿರು ಹೊರಗ ಕಾಣತೈತಿ,
ಎದಿ ಬಡಿಯೋದು ಕಾಣತೈತಿ,
ಬೆನ್ನ ಜೋಳಿಗ್ಯಾಗ ನಾಕು ತತ್ತಿ.
ನೆತ್ತಿ ಮ್ಯಾಲ ಕೊಂಬು,
ಹೆಚ್ಚೂಕಡಿಮಿ ಅಕಿ ಮೈಯಷ್ಟ ಉದ್ದ.
ಕಾರಹುಣ್ಣಿವಿಗೆ ಕೊಂಬಣಸು ತೊಡಿಸೋ ಕೊಂಬಲ್ಲ;
ಮರಿಮೀನು ಬಾಯಿ ಹಾಕಿದ್ರ
ಗಂಟಲಿಗೆ ಚುಚ್ಚಿ ಉಗುಳಬೇಕು, ಅಷ್ಟ.

ಲ್ಯಾಬಿನ ಕಿಟಕ್ಯಾಗ ಎರಡು ಭರಣಿ ಇಟ್ಟೆ.
ಮೀನಿಲ್ಲ, ಮೀನಿನ ನೆರಳಿಲ್ಲ.
ತಲಿಮಾರು ಅಂದ್ರ ಇಲ್ಲಿ ಒಂದು ವಾರ.
ಅಜ್ಜಿ ಕೊಂಬು ಹೊತ್ತು ತೇಲಿದಳು,
ಮಗಳ ಕೊಂಬು ಗಿಡ್ಡಾತು,
ಮೊಮ್ಮಗಳ ನೆತ್ತಿ
ಎಣ್ಣಿ ಹಚ್ಚಿ ಎರೆದ ಕೂಸಿನಂಗ ದುಂಡಗ, ನುಣ್ಣಗ.
ತತ್ತಿ ಏಳು.
ಕೊಂಬಿಗೆ ಹಾಕೋ ರೊಕ್ಕ ಉಳೀತಲ್ಲ.

ಆಮ್ಯಾಲ ಒಂದ ಭರಣಿಗೆ
ಮೀನಿದ್ದ ತೊಟ್ಟಿಯ ನೀರು ಒಂದು ಲೋಟ,
ಮೂರು ಸಲ ಸೋಸಿ ಹಾಕಿದೆ.
ಬರೇ ನೀರು.
ತಾಯಂದಿರಿಗೆ ಏನೂ ಆಗಲಿಲ್ಲ,
ಹಂಗ ದುಂಡಗ ತೇಲಿದರು, ಉಂಡರು.
ಹುಟ್ಟಿದ ಮಕ್ಕಳ ನೆತ್ತಿ ಮ್ಯಾಲ ಮಾತ್ರ
ಮುಳ್ಳು.
ಆ ಮಕ್ಕಳು ಮೀನು ಕಂಡಿಲ್ಲ,
ಅವರವ್ವನೂ ಕಂಡಿಲ್ಲ.

ಅಳತಿ ಬರಕೊಂಡು ರೂಮಿಗೆ ಬಂದೆ.
ನವನಗರದಾಗ ಬಾಡಿಗಿ ರೂಮು, ಮೂರನೇ ಮಹಡಿ.
ಅತಿಥಿ ಉಪನ್ಯಾಸಕಿ ನಾನು,
ವರ್ಷಕ್ಕ ಹತ್ತ ತಿಂಗಳು ಅತಿಥಿ.
ಸರ್ಟಿಫಿಕೇಟಿನ ಚೀಲ ತಗಿಯಾಕ ಸ್ಟೂಲ್ ಹತ್ತಿದೆ.
ಸೂರಿನ ಮೊಳಿಗೆ ತೂಗು ಹಾಕಿರತೀನಿ ಅದನ್ನ,
ಮೊದಲಿಂದ.
ಸ್ಟೂಲಿನ ಮ್ಯಾಲ ನಿಂತಕೊಂಡ ಉಳಿದೆ.

ಅವ್ವ ಹಳೇ ಬಾಗಲಕೋಟಿಯಾಕಿ.
ಹಿನ್ನೀರು ಅಡಗಿಮನಿ ಹೊಸ್ತಿಲಿಗೆ ಬಂದ ರಾತ್ರಿ
ರೇಶನ್ ಕಾರ್ಡು, ಉಪ್ಪಿನ ಗಡಿಗಿ, ಅಜ್ಜನ ಫೋಟೋ
ನಾಗಂದಿ ಮ್ಯಾಲ ಏರಿಸಿದಾಕಿ.
ಆ ಮಾತು ನನಗ ಹೇಳೇ ಇಲ್ಲ, ಅತ್ತಿ ಹೇಳಿದ್ದು, ಅದೂ ಮೊನ್ನಿ.
ನಾ ಹುಟ್ಟಿದ್ದು ಸೆಕ್ಟರ್ ನಂಬರಿನ್ಯಾಗ,
ಡಾಂಬರಿನ ಅಗಲ ರಸ್ತಾದ ಮಗ್ಗಲಿಗೆ.
ನಳದಾಗ ಬಂದಷ್ಟ ನೀರು ಕಂಡಾಕಿ.

ಮರುದಿನ ಸಾಬರು ಭರಣಿ ತೊಳಿಯಾಕ ನಿಂತಿದ್ರು.
"ಕೊಂಬಿನವು ಕೆರಿಗೇ ವಾಪಸ್ ಬಿಡತೀನಿ," ಅಂದರು.
"ಖರೇ, ಈ ಮೀನಿದ್ದ ನೀರು ಉಳದೈತಲ್ಲ,
ಇದನ್ನ ಎಲ್ಲಿ ಚೆಲ್ಲಲ್ರಿ ಮೇಡಂ?"

ಸಿಂಕಿನ ಕಡಿ ಕೈ ಮಾಡಾಕ ಹೋಗಿ
ಸುಮ್ಮನಾದೆ.
ಲೋಟ ಹಿಡಕೊಂಡ ಅವರು ನಿಂತ ಇದ್ದರು.