ಬಿದಿರೆಲೆ

ಹಲಗೂರಿನಿಂದಾಚೆ, ಸೀಗೆಮೆಳೆ ಸಂದಿಯ ಜಾಡಿನಲ್ಲಿ
ಮಾಯಿಗಯ್ಯ ಕುಕ್ಕರಗಾಲಲ್ಲಿ ಕೂತು ಹಿಕ್ಕೆ ಮುರಿದ:
ಎಲಚಿಬೀಜ, ಏಡಿಯ ಚಿಪ್ಪು, ಒಂದಿಷ್ಟು ಇಲಿಗೂದಲು.
‘ನೆನ್ನೆ ರಾತ್ರೀದು. ಹಳ್ಳ ಹತ್ತಿ ಬತ್ತದೆ, ಕಬ್ಬಿಗೆ ಇಳೀತದೆ.’

ಬೀಡಿಯ ಬೂದಿ ಗಾಳಿಗೆ ಬಿಟ್ಟ.
ಅದು ನಮ್ಮ ಮುಖಕ್ಕೇ ಬಂತು. ‘ಸರಿ’ ಅಂದ.

ಹೊಂಗೆಗೆ ಬೆನ್ನು ಕೊಟ್ಟು ಕೂರಬೇಕು,
ಕೆಮ್ಮು ಬಂದರೆ ನುಂಗಬೇಕು.
ನರಿ ನೇರ ಬರುವುದಿಲ್ಲ,
ಮುನಿಸಿಕೊಂಡ ನೆಂಟನ ಹಾಗೆ
ಊರೆಲ್ಲ ಸುತ್ತಿ ಹಿತ್ತಲಿಗೆ ಬರುತ್ತದೆ.

ಎರಡು ಹೆಬ್ಬೆಟ್ಟಿನ ನಡುವೆ ಬಿದಿರೆಲೆ.
ಊದಿದ. ಕಾಲು ಮುರಿದ ಮೊಲದ ಮರಿ ಅತ್ತಿತು.
ಮತ್ತೊಮ್ಮೆ.
ಆಮೇಲೆ ಸುಮ್ಮನೆ, ನೂರು ಎಣಿಸುವಷ್ಟು.

ಅರವತ್ತೆರಡಕ್ಕೆ ಪೊದೆ ಅಲುಗಿತು.
ಬಂದವಳು ಕಬ್ಬು ಕಡಿಯುವ ಗುಂಪಿನ ಹೆಂಗಸು,
ಕೈಯಲ್ಲಿ ಕುಡುಗೋಲು, ರವಿಕೆಯ ಎದೆ ಒದ್ದೆ.
‘ಯಾರ ಮಗ ಅದು, ಅಳ್ತಿದ್ದುದು?’

ಅವಳ ಹಿಂದೆ ಹತ್ತು ಮಾರು ದೂರ
ಮುಂಗಾಲೊಂದನ್ನು ಎತ್ತಿ ನಿಂತಿತ್ತು ನರಿ,
ಅದೂ ಅದನ್ನೇ ಕೇಳುವ ಹಾಗೆ.

ಮಾಯಿಗಯ್ಯ ಕೋವಿ ಮುಟ್ಟಲಿಲ್ಲ.
ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದ.
‘ಮೊಲ ಕಣವ್ವ,’ ಅಂದ.

ಅವಳು ನಂಬಲಿಲ್ಲ.
ಒಂದೊಂದೇ ಪೊದೆ ಬಗ್ಗಿ ನೋಡುತ್ತ
ಕತ್ತಲಾಗುವ ತನಕ ಅಲ್ಲೇ ಇದ್ದಳು.