ಗಾಳಿ ಎಂಟು ದಾಟಿದರೆ

ಪುಟ ಹದಿನಾಲ್ಕು. ಗಾಳಿಯ ವೇಗ
ಸೆಕೆಂಡಿಗೆ ಎಂಟು ಮೀಟರು ದಾಟಿದರೆ ಕೆಲಸ ನಿಲ್ಲತಕ್ಕದ್ದು.
ಬರೆದು ತಲೆಯೆತ್ತಿದರೆ, ತಗಡಿನ ಕಚೇರಿಯ ಕಿಟಕಿಗೆ
ಕಣಿವೆ ಆಗಲೇ ಒಂದು ಹಿಡಿ ಮಣ್ಣು ಎರಚಿ ಹೋಗಿದೆ.

ಎದುರಿಗಿರುವುದು ಗುಡ್ಡವಲ್ಲ.
ಯುರೇನಿಯಂ ಹಿಂಡಿಕೊಂಡವರು ಬಿಟ್ಟುಹೋದ ಹಿಂಡಿ.
ಮೇಲೆ ಹುಲ್ಲು, ಎಷ್ಟು ಹಸಿರೆಂದರೆ
ಬೇಲಿ ಯಾಕೆಂದು ಕುರಿಗಳಿಗೆ ಹೇಳಿ ಸಾಕಾಗಿದೆ.
ಕೆಳಗೆ ನದಿ. ಹಿಮ ಕರಗಿದಾಗಲೆಲ್ಲ ಬಂದು
ಅದರ ಪಾದವನ್ನು ಒಂದಿಷ್ಟು ಕೆರೆದುಕೊಂಡು ಹೋಗುತ್ತದೆ.
ಮೂವತ್ತೊಂದು ಜನ, ಎರಡು ಬೇಸಿಗೆಯಲ್ಲಿ, ಅದನ್ನು
ಮೇಲಿನ ಒಣ ಕೊರಕಲಿಗೆ ಸಾಗಿಸಿ ಹೂಳಬೇಕು.
ಹೇಗೆ ಅಗೆಯಬೇಕೆಂದು ಬರೆಯುವವರು ಬೇರೆ;
ಅಗೆದವರು ಹೇಗೆ ಮನೆಗೆ ಮರಳಬೇಕೆಂದು
ಬರೆಯುವವಳು ನಾನು, ಬುರುಲ್ಚಾ.

ನಕ್ಷೆಯ ಮೇಲೆ ಕೆಂಪು ಗೆರೆ ಎಳೆದೆ.
ಅತ್ತ ಮೈಲಿಗೆ, ಇತ್ತ ಮಡಿ,
ನಡುವೆ ತೊಟ್ಟಿ, ಬ್ರಷ್ಷು, ಬೂಟು ಬಿಡುವ ಬೆಂಚು.
ಗೆರೆಯೊಳಗೆ ತಿನ್ನಬಾರದು, ಕುಡಿಯಬಾರದು, ಸೇದಬಾರದು,
ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳಲೂಬಾರದು.
"ಹಾಗಾದರೆ ರೊಟ್ಟಿ?" ಅಂದ ಬುಲ್ಡೋಜರಿನ ಎರ್ಮೆಕ್.
ಕೆಲಸಕ್ಕೆ ಕೈಹಚ್ಚುವ ಮುನ್ನ ರೊಟ್ಟಿ ಮುರಿಯದಿದ್ದರೆ
ಇಲ್ಲಿ ಯಂತ್ರವೂ ಮುನಿಯುತ್ತದೆ;
ನೆಲಕ್ಕೆ ಇಡುವಂತಿಲ್ಲ, ಅರ್ಧ ಬಿಟ್ಟು ಏಳುವಂತಿಲ್ಲ.
ಅಂದು ರಾತ್ರಿ ಗೆರೆಯ ಈಚೆಗೆ ಒಂದು ಮೇಜು ಬರೆದೆ.
ಅನುಬಂಧ ಮೂರು: ಮೇಜು, ಒಂದು. ಮುಚ್ಚಳದ ಡಬ್ಬಿ, ಒಂದು.
ಬಿಷ್ಕೆಕ್‌ನಿಂದ ಪ್ರಶ್ನೆ ಬಂತು:
ಮೇಜು ಯಾವ ಅಪಾಯಕ್ಕೆ ಪರಿಹಾರ?

ಕಷ್ಟವಾದದ್ದು ಪುಟ ಇಪ್ಪತ್ತು.
ಮುಖವಾಡ ಚರ್ಮಕ್ಕೆ ಅಂಟಿ ಕೂರಬೇಕು; ಗಡ್ಡ ಇರಕೂಡದು.
ನಮ್ಮಲ್ಲಿ ಹಿರಿಯನೆಂದರೆ ಅಕ್ಸಕಾಲ್, ಅಂದರೆ ಬಿಳಿಗಡ್ಡ.
ಗಡ್ಡ ತೆಗೆದರೆ ಆ ಪದದಲ್ಲಿ ಏನುಳಿಯುತ್ತದೆ?
ಧೂಳಿಗೆ ನೀರು ಹೊಡೆಯುವ ಲಾರಿಯ ತೊಕ್ತೊಸುನ್
ಪುಟವನ್ನು ಎರಡು ಸಲ ಓದಿ, ಮಡಚಿ, ಮತ್ತೆ ಬಿಡಿಸಿದರು.
ಗಡ್ಡ ಉಳಿಸುವ, ಗಾಳಿ ಊದುವ ಟೋಪಿಯೂ ಇದೆ ಎಂದೆ.
ಬರಲು ಏಳು ವಾರ. ನದಿಗೆ ಮೂರು ಸಾಕು.

"ನಮ್ಮಪ್ಪನ ಕಾಲದಲ್ಲೂ ಪ್ಲಾನು ಇತ್ತು ಮಗಳೇ," ಅಂದರು,
"ಪ್ಲಾನು ಅಂದರೆ ಟನ್ನು. ತುಂಬಿದರೆ ಬಾವುಟ,
ತುಂಬದಿದ್ದರೆ ಬೈಗುಳ.
ಮೂಗಿಗೆ ಒಂದು ತುಂಡು ಬಟ್ಟೆ ಕೊಟ್ಟಿದ್ದರು.
ಅವ್ವ ಅದನ್ನು ಒಗೆಯುತ್ತಿದ್ದ ಬೋಗುಣಿಯಲ್ಲೇ
ನನ್ನನ್ನೂ ಮೀಯಿಸುತ್ತಿದ್ದಳು."
ಇದನ್ನು ಯಾವ ಅಂಕಣದಲ್ಲಿ ತುಂಬಲಿ?
ಕೊನೆಗೆ ಬರೆದುಕೊಂಡದ್ದು ಇಷ್ಟು: ಬಟ್ಟೆ ಮನೆಗೆ ಒಯ್ಯಕೂಡದು.
ಕೆಳಗೆ ಎರಡು ಗೆರೆ.

ಮರುದಿನ ಬಂದರು. ಗದ್ದಕ್ಕೆ ಬೇಯದ ಹಿಟ್ಟಿನ ಬಣ್ಣ.
ಯಾರೂ ನಗಲಿಲ್ಲ. ಎರ್ಮೆಕ್ ಎದ್ದು ನಿಂತ, ಯಾವಾಗಿನಂತೆ.
ಮುಖವಾಡ ಹಾಕಿಸಿ, ತಲೆಗೆ ಚೀಲ ಮುಸುಕಿ,
ಒಳಗೆ ಕಹಿಯ ಮಂಜು ಸಿಂಪಡಿಸಿದೆ.
ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ.
ತಲೆಯಾಡಿಸಿ, ಬಗ್ಗಿ, ನೂರರಿಂದ ಹಿಂದಕ್ಕೆ ಎಣಿಸಿ ಎಂದೆ.
"ಕಹಿ ಬಂತೇ?"
"ಇಲ್ಲ."
ಎಷ್ಟೋ ಹೊತ್ತಿನ ಮೇಲೆ, ನಾನು ಕೇಳದೆಯೇ, ಮತ್ತೆ,
"ಇಲ್ಲ."

ಹನ್ನೊಂದು ಗಂಟೆಗೆ ಎಂಟು ದಾಟಿತು. ಎಂಟು ಪಾಯಿಂಟ್ ಮೂರು.
ಸೈರನ್ ಕೂಗಿಸಿದೆ.
ಪಾಯಿಂಟ್ ಮೂರಕ್ಕೆಲ್ಲ ಯಾರಾದರೂ ನಿಲ್ಲಿಸುತ್ತಾರೆಯೇ ಎಂದು
ಗುತ್ತಿಗೆದಾರ ಫೋನಿನಲ್ಲಿ ಇನ್ನೂ ಕೂಗುತ್ತಲೇ ಇದ್ದ.
ಬೂಟು ತೊಳೆದು, ಕೈ ತೊಳೆದು, ಉಗುರು ಉಜ್ಜಿ
ಒಬ್ಬೊಬ್ಬರೇ ಗೆರೆ ದಾಟಿ ಈಚೆ ಬಂದರು.
ಫೋನು ಕಿವಿಗಿಟ್ಟುಕೊಂಡೇ ನಾನು ತಲೆ ಎಣಿಸುತ್ತಿದ್ದೆ.

ಮೇಜಿನ ಸುತ್ತ ಮತ್ತೆ ರೊಟ್ಟಿ ಮುರಿದಾಯಿತು.
ತಿಂದೆದ್ದ ತೊಕ್ತೊಸುನ್ ಓಮೀನ್ ಎಂದು
ಎರಡೂ ಅಂಗೈಗಳನ್ನು ಮುಖದ ಮೇಲಿಂದ ಇಳಿಸಿದರು.
ಕೈಗಳು ಗದ್ದವನ್ನು ದಾಟಿ,
ಗಡ್ಡ ಇದ್ದಷ್ಟು ದೂರವೂ
ಗಾಳಿಯಲ್ಲೇ ಇಳಿದವು.